ಉಗಿಯನ್ನು ಪಳಗಿಸಿದ ಜೇಮ್ಸ್ ವಾಟ್

ನಮ್ಮ ನಾಡಿನ ಹಳೆಯ ಕೆರೆಗಳನ್ನು ಕಂಡವರಿಗೆ ತೂಬಿನ ಪರಿಚಯವಿರುತ್ತದೆ. ಏರಿಯ ಒಳಮಗ್ಗುಲಲ್ಲಿ, ನೀರಿನ ನಡುವೆ, ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವುಗಳ ನಡುವೆ ಇಳಿಬಿಟ್ಟ ಉದ್ದನೆಯ ಗಳುವಿನ ತುದಿಯಲ್ಲಿರುವ ಬಿರಡೆಯು ತೂಬಿನ ಕಂಡಿಯನ್ನು ಮುಚ್ಚಿರುತ್ತದೆ. ಗಳುವನ್ನು ಮೇಲಕ್ಕೆತ್ತಿದರೆ ನೀರು ಕಾಲುವೆಗೆ ಹರಿಯುತ್ತದೆ, ಕೆಳಗಿಳಿಸಿದರೆ ನಿಲ್ಲುತ್ತದೆ. ಗದ್ದೆಗಳಿಗೆ ಎಷ್ಟು ನೀರು ಬೇಕೆಂಬುದನ್ನು ನೋಡಿಕೊಂಡು ನೀರುಗಂಟಿಯು ಗಳುವನ್ನು ಏರಿಸುತ್ತಾನೆ, ಇಳಿಸುತ್ತಾನೆ. ಬಿರಡೆಯು ನೀರಿನ ಆಳದಲ್ಲಿದ್ದು ಕಣ್ಣಿಗೆ ಕಾಣದಿದ್ದರೂ, ಗಳುವು ಎಷ್ಟು ಮೇಲೆ ಬಂದಿದೆಯೆಂಬುದರಿಂದಲೇ ಕಂಡಿಯು ಎಷ್ಟು ತೆರೆದಿದೆಯೆಂಬುದನ್ನು ಅವನು ಅರಿಯುತ್ತಾನೆ.

ಹರಿಯುವ ವಸ್ತುವಿನ ದಾರಿಯನ್ನು ತೆರೆದು ಮುಚ್ಚುವ ಇಂಥ ಸಾಧನಕ್ಕೆ ಕವಾಟವೆಂದು ಹೆಸರು. ನಮ್ಮ ಹೃದಯದಲ್ಲಿ ಕವಾಟಗಳಿವೆ. ಮನೆಯ ನಲ್ಲಿಯಲ್ಲಿಯೂ ಬೈಸಿಕಲ್ಲಿನ ಟ್ಯೂಬಿನಲ್ಲಿಯೂ ಕವಾಟಗಳಿವೆ. ಕವಾಟವನ್ನು ಕಾಯುವವನಿಗೆ ಎರಡು ಕರ್ತವ್ಯಗಳುಂಟು. ಅದನ್ನು ಬೇಕಾದ ಹೊತ್ತಿನಲ್ಲಿ ಬೇಕಾದಷ್ಟೇ ತೆರೆಯುವುದು ಒಂದು. ಅದು ಯಾವ ಸ್ಥಿತಿಯಲ್ಲಿದೆಯೆಂಬುದನ್ನು ಸರಿಯಾಗಿ ತಿಳಿದಿರುವುದು ಇನ್ನೊಂದು. ಕೆರೆಯ ತೂಬಿಗೆ ಒಬ್ಬ ನೀರುಗಂಟಿ ಸಾಕು. ಆದರೆ ಒಂದು ನಿಮಿಷದಲ್ಲಿ ಹತ್ತಾರು ಸಲ ಬಾಯಿ ತೆರೆದು ಮುಚ್ಚಬೇಕಾದ ಕವಾಟವನ್ನು, ಕಣ್ಣಿಗೆ ಕಾಣದ ಬಿಸಿ ಉಗಿಯು ಒತ್ತುತ್ತಿರುವ ಕವಾಟವನ್ನು, ಕಾಯುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಅರಸಿ, ಯಂತ್ರವು ತನ್ನನ್ನು ತಾನೇ ಕಾಯ್ದುಕೊಳ್ಳುವಂತೆ ಮಾಡಿದ ಮಹನೀಯರಲ್ಲಿ ಜೇಮ್ಸ್ ವಾಟನು ಅಗ್ರಗಣ್ಯನು.

ಜೇಮ್ಸ್ ವಾಟನು ಸ್ಕಾಟ್ಲೆಂಡ್ ದೇಶದ ಗ್ರೀನಕ್ ಎಂಬ ಊರಿನಲ್ಲಿ ೧೭೩೬ನೆಯ ಇಸವಿ ಜನವರಿ ೧೯ರಂದು ಜನಿಸಿದನು. ಗ್ರೀನಕ್ ಊರು ಕ್ಲೈಡ್ ನದಿಯ ಅಳಿವೆಯ ದಡದಲ್ಲಿರುವ ಒಂದು ಬಂದರು. ಆತನ ತಾತನು ಗಣಿತವನ್ನೂ ನೌಕಾಯಾನ ವಿದ್ಯೆಯನ್ನೂ ಕಲಿಸುತ್ತಿದ್ದ ಉಪಾಧ್ಯಾಯ. ತಂದೆಯು ಹಡಗುಗಳನ್ನು ಕಟ್ಟುವ, ಅವುಗಳಿಗೆ ಬೇಕಾದ ಸಾಮಗ್ರಿಗಳನ್ನು ಒದಗಿಸುವ ಉದ್ಯೋಗಿ. ತಾಯಿ ಆಗ್ನೆಸಳು ವಿದ್ಯಾವಂತೆ. ಬಾಲಕ ವಾಟನ ದೇಹಸ್ಥಿತಿ ಬಹಳ ದುರ್ಬಲವಾಗಿತ್ತು. ಮೇಲಿಂದ ಮೇಲೆ ಬರುತ್ತಿದ್ದ ತಲೆನೋವು ಅವನನ್ನು ಹಾಸಿಗೆ ಹಿಡಿಸುತ್ತಿತ್ತು. ಆದಕಾರಣ ಮೊದಲ ಪಾಠಗಳು ಮನೆಯಲ್ಲಿಯೇ ನಡೆದವು. ತಂದೆಯ ಕಮ್ಮಟದಲ್ಲಿ ಅವನಿಗಾಗಿ ಒಂದು ಮೂಲೆಯೂ ಚಿಕ್ಕ ಪುಟ್ಟ ಹತಾರುಗಳೂ ಇದ್ದವು. ಕಂಡ ಯಂತ್ರಗಳ ಮಾದರಿಗಳನ್ನು ಮಾಡುವುದು, ಕೆಟ್ಟ ಉಪಕರಣಗಳನ್ನು ಬಿಚ್ಚಿ ಜೋಡಿಸುವುದು ಅವನಿಗೆ ಆಟವೂ ಆಗಿತ್ತು, ಅಭ್ಯಾಸವೂ ಆಗಿತ್ತು.

ಒಲೆಯ ಮೇಲಿನ ಕೆಟಲಿನ ಮುಚ್ಚಳವು ಉಗಿಯ ಬಲದಿಂದ ಕುಣಿಯುವುದನ್ನು ಕಂಡ ಬಾಲಕನು ಉಗಿಯಂತ್ರವನ್ನು ಕಂಡುಹಿಡಿದನೆಂಬ ಕಥೆಯೊಂದು ಲೋಕಪ್ರಸಿದ್ಧವಾಗಿದೆ. ಕಥೆಯು ಸೊಗಸಾಗಿದೆ, ಆದರೆ ನಡೆದ ಸಂಗತಿ ಅಷ್ಟು ಸುಲಭವಾದುದಲ್ಲ. ವಾಟನು ಹುಟ್ಟುವುದಕ್ಕೆ ಮೊದಲೇ ಉಗಿಯಂತ್ರಗಳು ಇಂಗ್ಲೆಂಡಿನ ಗಣಿಗಳಲ್ಲಿ ಕೆಲಸ ಮಾಡುತ್ತಿದ್ದವು. ಅವುಗಳ ದೋಷವನ್ನು ಅರಿತು ತಿದ್ದುವುದಕ್ಕೆ ಆತನಿಗೆ ಅರ್ಧ ಆಯುಷ್ಯವೇ ಬೇಕಾಯಿತು.

೧೭೫೩ರಲ್ಲಿ ತಾಯಿ ತೀರಿಕೊಂಡಳು. ತಂದೆಯ ವ್ಯಾಪಾರವೂ ಇಳಿಮುಖವಾಯಿತು. ಸ್ವಂತ ದುಡಿಮೆಯಿಂದ ಬದುಕಬೇಕಾಗಿ ಬಂದ ವಾಟನು ಗಣಿತೋಪಕರಣಗಳನ್ನು ತಯಾರಿಸುವ ವೃತ್ತಿಯನ್ನು ಆರಿಸಿಕೊಂಡನು. ತಕ್ಕಡಿ, ಮಾಪಕ, ದಿಕ್ಸೂಚಿ, ಕೋನಗಳನ್ನು ಅಳೆಯುವ ಸಾಧನ ಮೊದಲಾದವುಗಳನ್ನು ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಮಾಡುವ ಕುಶಲವೃತ್ತಿಯದು. ಅದನ್ನು ಕಲಿಯಲು ೧೭೫೫ರಲ್ಲಿ ಲಂಡನ್ ನಗರಕ್ಕೆ ಹೋದನು. ಅಲ್ಲಿನ ಕಸಬುದಾರರ ಸಂಘದ ನಿಯಮದಂತೆ ಏಳು ವರ್ಷಗಳ ಶಿಷ್ಯವೃತ್ತಿ ಕಡ್ಡಾಯವಾಗಿತ್ತು. ಅಷ್ಟು ಕಾಲವೂ ಹಣವೂ ಅವನಲ್ಲಿರಲಿಲ್ಲ. ಕೊನೆಗೆ ಜಾನ್ ಮಾರ್ಗನ್ ಎಂಬ ಕುಶಲಿಯು ಶುಲ್ಕವನ್ನು ಪಡೆದು ಒಂದು ವರ್ಷ ಕಲಿಸಲು ಒಪ್ಪಿದನು. ವಾಟನು ಅರೆಹೊಟ್ಟೆಯಲ್ಲಿದ್ದು ಹಗಲಿರುಳೂ ದುಡಿದು, ಬೇರೆಯವರು ಹಲವು ವರ್ಷಗಳಲ್ಲಿ ಕಲಿಯುವುದನ್ನು ಒಂದೇ ವರ್ಷದಲ್ಲಿ ಕಲಿತನು. ಆದರೆ ಅತಿಶ್ರಮದಿಂದ ಆರೋಗ್ಯ ಕೆಟ್ಟು, ೧೭೫೬ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು.

ಗ್ಲಾಸ್ಗೋ ನಗರದಲ್ಲಿ ಅಂಗಡಿ ತೆರೆಯಬೇಕೆಂಬ ಆತನ ಆಸೆಗೆ ಅಲ್ಲಿಯ ಕಸಬುದಾರರ ಸಂಘವು ಅಡ್ಡಬಂದಿತು. ಊರಿನಲ್ಲಿ ಅಂಥ ಕೆಲಸವನ್ನು ಬಲ್ಲವರು ವಿರಳವಾಗಿದ್ದರೂ, ಪೂರ್ಣಾವಧಿಯ ಶಿಷ್ಯವೃತ್ತಿಯನ್ನು ಮುಗಿಸದವನಿಗೆ ಅಂಗಡಿಯ ಅಧಿಕಾರವಿಲ್ಲವೆಂಬುದು ಅವರ ವಾದ. ಆ ಸಮಯದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯವು ಅವನ ಕೈಹಿಡಿಯಿತು. ಜಮೈಕಾ ದ್ವೀಪದಿಂದ ಹಡಗಿನಲ್ಲಿ ಬಂದು ಉಪ್ಪುಗಾಳಿಗೆ ಕೆಟ್ಟಿದ್ದ ಖಗೋಳೋಪಕರಣಗಳನ್ನು ವಾಟನು ಮೊದಲೇ ಶುಚಿಗೊಳಿಸಿ ಸರಿಪಡಿಸಿಕೊಟ್ಟಿದ್ದನು. ಆ ಕೈಚಳಕವನ್ನು ಮೆಚ್ಚಿದ ಪ್ರಾಧ್ಯಾಪಕರು ೧೭೫೭ರಲ್ಲಿ ವಿಶ್ವವಿದ್ಯಾನಿಲಯದ ಆವರಣದೊಳಗೇ ಅವನಿಗೊಂದು ಕಮ್ಮಟವನ್ನು ಕೊಟ್ಟರು. ರಸಾಯನಶಾಸ್ತ್ರಜ್ಞನಾದ ಜೋಸೆಫ್ ಬ್ಲ್ಯಾಕ್, ಆಗ ವಿದ್ಯಾರ್ಥಿಯಾಗಿದ್ದ ಜಾನ್ ರಾಬಿಸನ್ ಮೊದಲಾದವರು ಅಲ್ಲಿಗೆ ಬಂದು ಹೋಗುತ್ತಿದ್ದರು. ಹೀಗೆ ಕೈಯ ವಿದ್ಯೆಗೂ ತಲೆಯ ವಿದ್ಯೆಗೂ ಆ ಚಿಕ್ಕ ಕೋಣೆಯಲ್ಲಿ ಸ್ನೇಹ ಬೆಳೆಯಿತು.

ಆ ಕಾಲದ ಉಗಿಯಂತ್ರವು ಹೇಗಿತ್ತೆಂಬುದನ್ನು ಇಲ್ಲಿ ತಿಳಿದುಕೊಳ್ಳಬೇಕು. ಥಾಮಸ್ ನ್ಯೂಕಾಮೆನ್ ಎಂಬಾತನು ೧೭೧೨ರಲ್ಲಿ ಇಂಗ್ಲೆಂಡಿನ ಡಡ್ಲಿ ಎಂಬಲ್ಲಿ, ಕಲ್ಲಿದ್ದಲ ಗಣಿಯ ನೀರನ್ನು ಮೇಲೆತ್ತುವುದಕ್ಕಾಗಿ ಅದನ್ನು ನಿಲ್ಲಿಸಿದ್ದನು. ಏತದ ತೊಲೆಯಂತೆ ನಡುವೆ ಆಧಾರವಿದ್ದ ಒಂದು ದೊಡ್ಡ ತೊಲೆ; ಅದರ ಒಂದು ತುದಿಗೆ ಗಣಿಯೊಳಗಿನ ಪಂಪು, ಮತ್ತೊಂದು ತುದಿಗೆ ಸಿಲಿಂಡರಿನೊಳಗೆ ಏರಿ ಇಳಿಯುವ ಪಿಸ್ಟನ್. ಒಂದು ಕವಾಟವನ್ನು ತೆರೆದಾಗ ಬಾಯ್ಲರಿನಿಂದ ಉಗಿಯು ಸಿಲಿಂಡರನ್ನು ತುಂಬುತ್ತಿತ್ತು. ಅದನ್ನು ಮುಚ್ಚಿ ಇನ್ನೊಂದು ಕವಾಟವನ್ನು ತೆರೆದಾಗ ತಣ್ಣೀರು ಒಳಗೆ ಚಿಮ್ಮಿ ಉಗಿಯು ನೀರಾಗುತ್ತಿತ್ತು. ಆಗ ಉಂಟಾದ ನಿರ್ವಾತದ ಕಡೆಗೆ ಹೊರಗಿನ ಗಾಳಿಯ ಒತ್ತಡವು ಪಿಸ್ಟನನ್ನು ಕೆಳಕ್ಕೆ ತಳ್ಳುತ್ತಿತ್ತು. ಪಂಪಿನ ತುದಿ ಮೇಲೇರುತ್ತಿತ್ತು.

ಈ ಕವಾಟಗಳನ್ನು ಸರಿಯಾದ ಕ್ಷಣದಲ್ಲಿ ತೆರೆದು ಮುಚ್ಚುವುದೇ ಯಂತ್ರದ ಜೀವಾಳ. ಅವುಗಳನ್ನು ಕಾಯಲು ನೇಮಿಸಿದ್ದ ಹಂಫ್ರಿ ಪಾಟರ್ ಎಂಬ ಹುಡುಗನು ಬೇಸರಗೊಂಡು, ಹಿಡಿಗಳಿಗೆ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ತೊಲೆಗೆ ಬಿಗಿದು ಆಟಕ್ಕೆ ಹೋದನೆಂದು ಒಂದು ಐತಿಹ್ಯವಿದೆ. ಐತಿಹ್ಯವು ನಿಜವೋ ಅಲ್ಲವೋ, ನ್ಯೂಕಾಮೆನನ ಯಂತ್ರಗಳಲ್ಲಿ ತೊಲೆಯಿಂದ ಇಳಿಬಿಟ್ಟ ಒಂದು ದಂಡವಿರುತ್ತಿದ್ದುದು ನಿಜ. ತೊಲೆಯೊಡನೆ ಏರಿ ಇಳಿಯುವ ಆ ದಂಡದಲ್ಲಿ ಗೂಟಗಳನ್ನು ನೆಟ್ಟಿದ್ದರು. ಗೂಟಗಳು ಕವಾಟಗಳ ಹಿಡಿಗಳನ್ನು ತಾಕಿ ಅವುಗಳನ್ನು ತೆರೆದು ಮುಚ್ಚುತ್ತಿದ್ದವು. ಗೂಟವನ್ನು ಸ್ವಲ್ಪ ಮೇಲೆ ಅಥವಾ ಕೆಳಗೆ ಸರಿಸಿದರೆ ಕವಾಟವು ತೆರೆಯುವ ಕ್ಷಣವೂ ಹಿಂದುಮುಂದಾಗುತ್ತಿತ್ತು. ಯಂತ್ರವು ತನ್ನ ಕವಾಟಗಳನ್ನು ತಾನೇ ಆಡಿಸುವ ಮೊದಲ ಪಾಠವನ್ನು ಹೀಗೆ ಕಲಿತಿತ್ತು.

೧೭೬೩-೬೪ರ ಚಳಿಗಾಲದಲ್ಲಿ ವಿಶ್ವವಿದ್ಯಾನಿಲಯದ ತರಗತಿಯಲ್ಲಿ ತೋರಿಸುತ್ತಿದ್ದ ನ್ಯೂಕಾಮೆನ್ ಯಂತ್ರದ ಒಂದು ಚಿಕ್ಕ ಮಾದರಿಯು ದುರಸ್ತಿಗಾಗಿ ವಾಟನ ಕೈಗೆ ಬಂದಿತು. ಅದರ ಸಿಲಿಂಡರಿನ ಅಡ್ಡಳತೆ ಎರಡಂಗುಲ. ಪಿಸ್ಟನ್ ಚಲಿಸುವ ದೂರ ಆರಂಗುಲ. ವಾಟನು ಅದನ್ನು ಸರಿಪಡಿಸಿದನು. ಆದರೂ ಅದು ನಾಲ್ಕಾರು ಬಾರಿ ಆಡಿ ನಿಂತುಬಿಡುತ್ತಿತ್ತು. ಬಾಯ್ಲರಿನಲ್ಲಿ ಹುಟ್ಟಿದ ಉಗಿಯೆಲ್ಲವೂ ಅಷ್ಟರಲ್ಲಿಯೇ ಮುಗಿದುಹೋಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಬೆಂಕಿಯನ್ನು ಹೆಚ್ಚಿಸಿ ಸುಮ್ಮನಾಗುತ್ತಿದ್ದರು. ಅಳೆಯುವ ವೃತ್ತಿಯ ವಾಟನು ಉಗಿಯನ್ನೂ ಅಳೆಯಲು ತೊಡಗಿದನು. ಒಂದು ಪಾಲು ನೀರು ಉಗಿಯಾದಾಗ ಎಷ್ಟು ಸ್ಥಳವನ್ನು ಆಕ್ರಮಿಸುತ್ತದೆ, ಒಂದು ತೂಕದ ಉಗಿಯು ಎಷ್ಟು ತಣ್ಣೀರನ್ನು ಕುದಿಯುವಷ್ಟು ಕಾಯಿಸಬಲ್ಲುದು ಎಂಬುದನ್ನು ಪ್ರಯೋಗಗಳಿಂದ ಕಂಡುಕೊಂಡನು. ಉಗಿಯು ತನ್ನ ತೂಕದ ಸುಮಾರು ಆರರಷ್ಟು ನೀರನ್ನು ಕುದಿಯುವ ಮಟ್ಟಕ್ಕೆ ತರುವುದೆಂಬ ಫಲಿತಾಂಶವು ಆತನನ್ನು ಅಚ್ಚರಿಗೊಳಿಸಿತು. ಉಗಿಯಲ್ಲಿ ಅಡಗಿರುವ ಗುಪ್ತೋಷ್ಣದ ತತ್ತ್ವವನ್ನು ಬ್ಲ್ಯಾಕ್ ಆತನಿಗೆ ವಿವರಿಸಿದನು.

ಆಗ ದೋಷದ ಮೂಲವು ಸ್ಪಷ್ಟವಾಯಿತು. ಪ್ರತಿಯೊಂದು ಆಟದಲ್ಲಿಯೂ ಒಂದೇ ಸಿಲಿಂಡರನ್ನು ಬಿಸಿ ಮಾಡಿ, ತಣ್ಣಗೆ ಮಾಡಿ, ಮತ್ತೆ ಬಿಸಿ ಮಾಡಬೇಕಾಗುತ್ತಿತ್ತು. ಉಗಿಯ ಬಹುಭಾಗವು ಕೆಲಸಕ್ಕೆ ಬಾರದೆ ಆ ಲೋಹವನ್ನು ಕಾಯಿಸುವುದರಲ್ಲಿಯೇ ವ್ಯರ್ಥವಾಗುತ್ತಿತ್ತು. ಸಿಲಿಂಡರು ಸದಾ ಬಿಸಿಯಾಗಿಯೂ ಇರಬೇಕು, ಉಗಿಯು ತಣ್ಣಗಾಗಿ ನೀರೂ ಆಗಬೇಕು. ಈ ವಿರೋಧವನ್ನು ಬಗೆಹರಿಸುವುದು ಹೇಗೆ? ೧೭೬೫ನೆಯ ಇಸವಿಯ ವಸಂತಕಾಲದ ಒಂದು ಭಾನುವಾರ ಗ್ಲಾಸ್ಗೋ ನಗರದ ಬಯಲಿನಲ್ಲಿ ತಿರುಗಾಡುತ್ತಿದ್ದಾಗ ಆತನಿಗೆ ಉತ್ತರ ಹೊಳೆಯಿತು. ಉಗಿಯನ್ನು ಸಿಲಿಂಡರಿನಲ್ಲಿಯೇ ತಣಿಸುವುದೇಕೆ? ಪಕ್ಕದಲ್ಲಿ ತಣ್ಣಗಿರುವ ಬೇರೊಂದು ಪಾತ್ರೆಯನ್ನಿಟ್ಟು, ನಡುವೆ ಒಂದು ಕವಾಟವನ್ನು ತೆರೆದರೆ, ಉಗಿಯು ತಾನಾಗಿಯೇ ಅಲ್ಲಿಗೆ ನುಗ್ಗಿ ನೀರಾಗುವುದು. ಬಿಸಿ ಪಾತ್ರೆಯು ಬಿಸಿಯಾಗಿಯೇ, ತಣ್ಣನೆಯ ಪಾತ್ರೆಯು ತಣ್ಣಗೆಯೇ ಉಳಿಯುವುವು. ಈ ಎರಡನೆಯ ಪಾತ್ರೆಯೇ ಕಂಡೆನ್ಸರ್ ಅಥವಾ ಸಾಂದ್ರಕ.

ಯೋಚನೆಯು ಕೆಲವು ಗಂಟೆಗಳಲ್ಲಿ ಹೊಳೆಯಿತು. ಅದು ಕಬ್ಬಿಣದ ರೂಪ ತಾಳಲು ಹನ್ನೊಂದು ವರ್ಷಗಳು ಹಿಡಿದವು. ವಾಟನು ೧೭೬೪ರಲ್ಲಿ ಮಾರ್ಗರೆಟ್ ಮಿಲ್ಲರ್ ಎಂಬಾಕೆಯನ್ನು ಮದುವೆಯಾಗಿದ್ದನು. ಸಂಸಾರದ ಭಾರವಿತ್ತು, ಪ್ರಯೋಗಗಳಿಗಾಗಿ ಮಾಡಿದ ಸಾಲವಿತ್ತು. ಕೈಗಾರಿಕೋದ್ಯಮಿಯಾದ ಜಾನ್ ರೋಬಕ್ ಎಂಬಾತನು ಸಾಲದ ಹೊಣೆಯನ್ನು ವಹಿಸಿಕೊಂಡು, ಯಂತ್ರದ ಮೂರರಲ್ಲಿ ಎರಡು ಪಾಲು ಹಕ್ಕನ್ನು ಪಡೆದನು. ೧೭೬೯ರಲ್ಲಿ ಪೇಟೆಂಟ್ ಎಂಬ ಏಕಸ್ವಾಮ್ಯದ ಹಕ್ಕುಪತ್ರವೂ ದೊರೆಯಿತು. ಆದರೆ ಆಗಿನ ಕಮ್ಮಾರರು ಮಾಡಿದ ಸಿಲಿಂಡರುಗಳು ನೇರವಾಗಿ, ದುಂಡಾಗಿ ಇರುತ್ತಿರಲಿಲ್ಲ. ಪಿಸ್ಟನ್ನಿನ ಸುತ್ತಲಿನ ಸಂದಿಯಿಂದ ಉಗಿಯು ಸೋರಿಹೋಗುತ್ತಿತ್ತು. ಜೀವನೋಪಾಯಕ್ಕಾಗಿ ವಾಟನು ಕಾಲುವೆಗಳ ಮೋಜಣಿ ಕೆಲಸವನ್ನು ಹಿಡಿದು, ಮಳೆ ಚಳಿಗಳಲ್ಲಿ ಬೆಟ್ಟಗುಡ್ಡಗಳನ್ನು ಅಲೆಯಬೇಕಾಯಿತು. ೧೭೭೩ರಲ್ಲಿ ಹಾಗೆ ದೂರದ ಗುಡ್ಡಗಾಡಿನಲ್ಲಿದ್ದಾಗ ಹೆಂಡತಿಯ ಕಾಯಿಲೆಯ ಸುದ್ದಿ ಬಂದಿತು. ಆತನು ಮನೆ ಸೇರುವುದರೊಳಗೆ ಹೆರಿಗೆಯ ಬೇನೆಯಲ್ಲಿ ಆಕೆ ಕಾಲವಾಗಿದ್ದಳು. ಅದೇ ವರ್ಷ ರೋಬಕನೂ ದಿವಾಳಿಯಾದನು.

ಇಷ್ಟೊಂದು ಆಘಾತಗಳ ನಡುವೆ ವಾಟನಿಗೆ ಆಸರೆಯಾದವನು ಬರ್ಮಿಂಗ್‌ಹ್ಯಾಮ್ ನಗರದ ಮ್ಯಾಥ್ಯೂ ಬೋಲ್ಟನ್. ಲೋಹದ ಸಾಮಾನುಗಳನ್ನು ತಯಾರಿಸುವ ಸೋಹೋ ಕಾರ್ಖಾನೆಯ ಒಡೆಯನಾದ ಆತನು ರೋಬಕನ ಪಾಲನ್ನು ತಾನು ಪಡೆದುಕೊಂಡನು. ವಾಟನು ೧೭೭೪ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದು ನೆಲೆಸಿದನು. ಇಬ್ಬರ ಸ್ವಭಾವಗಳೂ ಪರಸ್ಪರ ವಿರುದ್ಧ. ವಾಟನು ಸಂಕೋಚದವನು, ಸಂಶಯಪ್ರವೃತ್ತಿಯವನು, ವ್ಯವಹಾರವೆಂದರೆ ಹಿಂಜರಿಯುವವನು. ಬೋಲ್ಟನನು ಉತ್ಸಾಹಿ, ಧೈರ್ಯಶಾಲಿ, ಜನರೊಡನೆ ಬೆರೆಯುವವನು. ಆದರೂ ಎತ್ತಿನ ಜೋಡಿಯಂತೆ ಇಬ್ಬರೂ ಒಂದೇ ನೊಗಕ್ಕೆ ಹೆಗಲು ಕೊಟ್ಟರು. ೧೭೭೫ರಲ್ಲಿ ಪಾರ್ಲಿಮೆಂಟು ಪೇಟೆಂಟಿನ ಅವಧಿಯನ್ನು ೧೮೦೦ರವರೆಗೆ ವಿಸ್ತರಿಸಿತು. ಜಾನ್ ವಿಲ್ಕಿನ್‌ಸನ್ ಎಂಬ ಕಬ್ಬಿಣದ ಉದ್ಯಮಿಯು ತಾನು ನಿರ್ಮಿಸಿದ್ದ ಕೊರೆಯುವ ಯಂತ್ರದಿಂದ ನಿರ್ದುಷ್ಟವಾದ ಸಿಲಿಂಡರುಗಳನ್ನು ಮಾಡಿಕೊಟ್ಟನು. ೧೭೭೬ರಲ್ಲಿ ವಾಟನ ಮೊದಲ ಎರಡು ದೊಡ್ಡ ಯಂತ್ರಗಳು ಕೆಲಸಕ್ಕೆ ನಿಂತವು. ಅದೇ ವರ್ಷ ಆತನು ಆನ್ ಮ್ಯಾಕ್‌ಗ್ರೆಗರ್ ಎಂಬಾಕೆಯನ್ನು ಮದುವೆಯಾದನು.

ಹೊಸ ಯಂತ್ರಗಳಿಗೆ ಹಳೆಯವುಗಳ ಮೂರನೆಯ ಒಂದು ಭಾಗದಷ್ಟು ಕಲ್ಲಿದ್ದಲು ಸಾಕಾಗುತ್ತಿತ್ತು. ಕಲ್ಲಿದ್ದಲನ್ನು ಹೊರಗಿನಿಂದ ತರಿಸಬೇಕಾಗಿದ್ದ ಕಾರ್ನ್‌ವಾಲ್ ಪ್ರಾಂತದ ತವರ ಮತ್ತು ತಾಮ್ರದ ಗಣಿಗಳಿಗೆ ಇದು ದೊಡ್ಡ ಉಪಕಾರವಾಯಿತು. ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿತಾಯವಾದ ಇಂಧನದ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಗಣಿಯವರು ಬೋಲ್ಟನ್ ಮತ್ತು ವಾಟರಿಗೆ ಕೊಡಬೇಕೆಂದು ಕರಾರಾಯಿತು. ಆದರೆ ಯಂತ್ರವು ಎಷ್ಟು ಕೆಲಸ ಮಾಡಿದೆಯೆಂದು ತಿಳಿಯುವುದು ಹೇಗೆ? ಹೇಳಿದ ಮಾತನ್ನು ನಂಬುವುದು ಇಬ್ಬರಿಗೂ ಕಷ್ಟ. ಅದಕ್ಕಾಗಿ ತೊಲೆಯ ಏರಿಳಿತಗಳನ್ನು ತಾನಾಗಿಯೇ ಎಣಿಸುವ ಒಂದು ಸಾಧನವನ್ನು ಯಂತ್ರಕ್ಕೆ ಜೋಡಿಸಿ, ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಏರ್ಪಾಡಾಯಿತು. ಯಂತ್ರವು ತನ್ನ ಕೆಲಸಕ್ಕೆ ತಾನೇ ಸಾಕ್ಷಿ ಹೇಳುವಂತಾಯಿತು.

ಅಲ್ಲಿಯವರೆಗೆ ಉಗಿಯಂತ್ರವು ಮುಖ್ಯವಾಗಿ ನೀರೆತ್ತುವುದಕ್ಕೆ ಉಪಯೋಗವಾಗುತ್ತಿತ್ತು. ಗಿರಣಿಗಳ ಚಕ್ರಗಳನ್ನು ತಿರುಗಿಸಬೇಕಾದರೆ ತೊಲೆಯ ಏರಿಳಿತವನ್ನು ವೃತ್ತಾಕಾರದ ಚಲನೆಯಾಗಿ ಮಾರ್ಪಡಿಸಬೇಕು. ಅದಕ್ಕೆ ಸುಲಭೋಪಾಯವಾದ ಬಾಗುಹಿಡಿಯನ್ನು ಉಗಿಯಂತ್ರದಲ್ಲಿ ಬಳಸುವ ಹಕ್ಕನ್ನು ಮತ್ತೊಬ್ಬರು ಪಡೆದಿದ್ದರು. ೧೭೮೧ರಲ್ಲಿ ವಾಟನು ಸೂರ್ಯನ ಸುತ್ತ ಗ್ರಹವು ಸುತ್ತುವಂತೆ ಒಂದು ಹಲ್ಲುಚಕ್ರದ ಸುತ್ತ ಮತ್ತೊಂದು ಹಲ್ಲುಚಕ್ರವು ಸುತ್ತುವ ಏರ್ಪಾಡಿಗೆ ಹಕ್ಕುಪತ್ರ ಪಡೆದನು. ಇದರಲ್ಲಿ ಆತನ ಸಹಾಯಕನಾದ ವಿಲಿಯಂ ಮರ್ಡಾಕನ ಪಾಲೂ ಇದ್ದಿತು. ೧೭೮೨ರಲ್ಲಿ ಪಿಸ್ಟನ್ನಿನ ಎರಡು ಪಕ್ಕಗಳಿಗೂ ಸರದಿಯಂತೆ ಉಗಿಯನ್ನು ಬಿಡುವ ಯಂತ್ರವೂ, ೧೭೮೪ರಲ್ಲಿ ಪಿಸ್ಟನ್ನಿನ ದಂಡವನ್ನು ನೆಟ್ಟಗೆ ನಡೆಸುವ ಕೀಲುಗಳ ಜೋಡಣೆಯೂ ಸಿದ್ಧವಾದವು. ತನ್ನ ಎಲ್ಲ ನಿರ್ಮಾಣಗಳಲ್ಲಿ ಈ ಕೀಲುಜೋಡಣೆಯ ಬಗೆಗೇ ವಾಟನಿಗೆ ಹೆಚ್ಚಿನ ಅಭಿಮಾನವಿತ್ತು.

ಯಂತ್ರವು ಗಿರಣಿಗೆ ಬಂದೊಡನೆ ಹೊಸದೊಂದು ತೊಡಕು ಎದುರಾಯಿತು. ನೀರೆತ್ತುವ ಯಂತ್ರವು ಸ್ವಲ್ಪ ವೇಗವಾಗಿ ಆಡಿದರೂ ನಿಧಾನವಾಗಿ ಆಡಿದರೂ ಬಾಧಕವಿಲ್ಲ. ಗಿರಣಿಯ ಸಂಗತಿ ಹಾಗಲ್ಲ. ಹಲವು ಬೀಸುಕಲ್ಲುಗಳನ್ನು ಒಂದೇ ಯಂತ್ರವು ತಿರುಗಿಸುತ್ತಿರುವಾಗ, ಅವುಗಳಲ್ಲಿ ಕೆಲವನ್ನು ನಿಲ್ಲಿಸಿದೊಡನೆ ಭಾರವು ಕಡಿಮೆಯಾಗಿ ಯಂತ್ರವು ದಿಕ್ಕೆಟ್ಟು ಓಡುವುದು. ಮತ್ತೆ ಜೋಡಿಸಿದೊಡನೆ ಭಾರವು ಹೆಚ್ಚಿ ಕುಂಟುವುದು. ಹಿಟ್ಟು ಕೆಡುವುದು, ನೂಲು ಹರಿಯುವುದು, ಚಕ್ರಗಳು ಮುರಿಯುವುವು. ಉಗಿಯ ಹರಿವನ್ನು ಹೆಚ್ಚು ಕಡಿಮೆ ಮಾಡಲು ವಾಟನು ಕೊಳವೆಯೊಳಗೆ ಒಂದು ಕವಾಟವನ್ನು ಇಟ್ಟಿದ್ದನು. ಅಚ್ಚಿನ ಮೇಲೆ ತಿರುಗುವ ಲೋಹದ ಬಿಲ್ಲೆಯದು. ಅಡ್ಡಲಾಗಿ ನಿಂತರೆ ದಾರಿ ಮುಚ್ಚುತ್ತದೆ, ಓರೆಯಾದಂತೆಲ್ಲ ದಾರಿ ತೆರೆಯುತ್ತದೆ. ಆದರೆ ಕ್ಷಣಕ್ಷಣಕ್ಕೂ ಅದನ್ನು ತಿರುಗಿಸುತ್ತ ಕುಳಿತಿರುವುದು ಮನುಷ್ಯನಿಂದ ಆಗುವ ಕೆಲಸವಲ್ಲ. ಆಳಿನ ಗಮನವು ಒಂದು ಗಳಿಗೆ ಬೇರೆಡೆಗೆ ಹರಿದರೂ ಅನರ್ಥವಾದೀತು.

೧೭೮೮ರಲ್ಲಿ ಬೋಲ್ಟನನು ಲಂಡನ್ನಿನ ಆಲ್ಬಿಯನ್ ಗಿರಣಿಗೆ ಹೋಗಿದ್ದಾಗ ಅಲ್ಲಿ ಬೀಸುಕಲ್ಲುಗಳ ನಡುವಣ ಅಂತರವನ್ನು ಹೊಂದಿಸಲು ತಿರುಗುವ ಗುಂಡುಗಳನ್ನು ಬಳಸಿರುವುದನ್ನು ಕಂಡು ವಾಟನಿಗೆ ತಿಳಿಸಿದನು. ವಾಟನು ಆ ಉಪಾಯವನ್ನು ಉಗಿಯ ಕವಾಟಕ್ಕೆ ಅಳವಡಿಸಿದನು. ಅದರ ರಚನೆ ಹೀಗಿದೆ: ನೆಟ್ಟಗೆ ನಿಂತ ಒಂದು ಅಚ್ಚು, ಅದರ ತಲೆಯಿಂದ ಇಳಿಬಿಟ್ಟ ಎರಡು ತೋಳುಗಳು, ತೋಳುಗಳ ತುದಿಯಲ್ಲಿ ಭಾರವಾದ ಎರಡು ಲೋಹದ ಗುಂಡುಗಳು. ಯಂತ್ರವು ಓಡಿದಂತೆ ಈ ಅಚ್ಚೂ ತಿರುಗುತ್ತದೆ. ವೇಗವು ಹೆಚ್ಚಿದರೆ, ಕವಣೆಯನ್ನು ಬೀಸಿದಾಗ ಕಲ್ಲು ಹೊರಕ್ಕೆ ಎಳೆಯುವಂತೆ, ಗುಂಡುಗಳು ಹೊರಕ್ಕೆ ಸರಿದು ಮೇಲೇರುತ್ತವೆ. ಅವು ಏರಿದಾಗ ಅಚ್ಚಿನ ಮೇಲಿರುವ ಒಂದು ಬಳೆ ಜಾರುತ್ತದೆ. ಬಳೆಗೆ ಸೇರಿದ ಸನ್ನೆಯು ಕವಾಟವನ್ನು ಅಷ್ಟಿಷ್ಟು ಮುಚ್ಚುತ್ತದೆ. ಉಗಿ ಕಡಿಮೆಯಾಗಿ ವೇಗವು ತಗ್ಗುತ್ತದೆ. ವೇಗವು ತೀರ ತಗ್ಗಿದರೆ ಗುಂಡುಗಳು ಕೆಳಗಿಳಿದು ಕವಾಟವನ್ನು ಮತ್ತೆ ತೆರೆಯುತ್ತವೆ. ಇದಕ್ಕೆ ಗವರ್ನರ್, ಎಂದರೆ ಆಳುವವನು, ಎಂದು ಹೆಸರಾಯಿತು.

ಈ ಸಾಧನದಲ್ಲಿ ಗಮನಿಸಬೇಕಾದ ವಿಶೇಷಗಳು ಎರಡು. ಯಂತ್ರದ ತಪ್ಪೇ ಆ ತಪ್ಪನ್ನು ತಿದ್ದುವ ಬಲವಾಗಿ ಪರಿಣಮಿಸುವುದು ಮೊದಲನೆಯದು. ಎರಡನೆಯದು, ಗುಂಡುಗಳಿಗೂ ಕವಾಟಕ್ಕೂ ಕಬ್ಬಿಣದ ಸನ್ನೆಯ ನೇರ ಸಂಬಂಧವಿರುವುದು. ಕೊಳವೆಯೊಳಗಿನ ಬಿಲ್ಲೆಯನ್ನು ಯಾರೂ ಕಾಣಲಾರರು. ಆದರೆ ಗುಂಡುಗಳು ಎಷ್ಟು ಎತ್ತರದಲ್ಲಿ ತಿರುಗುತ್ತಿವೆಯೆಂದು ನೋಡಿದ ಆಳು, ಗಳುವನ್ನು ನೋಡಿ ತೂಬನ್ನರಿಯುವ ನೀರುಗಂಟಿಯಂತೆ, ಕವಾಟವು ಎಷ್ಟು ತೆರೆದಿದೆಯೆಂಬುದನ್ನು ದೂರದಿಂದಲೇ ಹೇಳಬಲ್ಲವನಾದನು. ೧೭೮೮ರಲ್ಲಿ ಗವರ್ನರನ್ನು ಅಳವಡಿಸಿದ್ದ ಸೋಹೋ ಕಾರ್ಖಾನೆಯ ಒಂದು ಯಂತ್ರವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಗವರ್ನರಿಗಾಗಿ ವಾಟನು ಪೇಟೆಂಟನ್ನು ಕೇಳಲಿಲ್ಲ. ತಿರುಗುವ ಗುಂಡುಗಳನ್ನು ಗಿರಣಿಯವರು ಮೊದಲೇ ಬಲ್ಲವರಾಗಿದ್ದರು. ಹಳೆಯದನ್ನು ಹೊಸ ಕೆಲಸಕ್ಕೆ ಹಚ್ಚಿದ್ದಷ್ಟೇ ತನ್ನದೆಂಬುದನ್ನು ಆತನು ಅರಿತಿದ್ದನು. ಅದರಲ್ಲಿ ಕುಂದುಗಳೂ ಇದ್ದವು. ಭಾರವು ಬದಲಾದಾಗ ವೇಗವು ಪೂರ್ಣವಾಗಿ ಮೊದಲಿನ ಮಟ್ಟಕ್ಕೆ ಬರುತ್ತಿರಲಿಲ್ಲ. ಕೆಲವೊಮ್ಮೆ ಗುಂಡುಗಳು ಏರುತ್ತ ಇಳಿಯುತ್ತ ತೂಗಾಡಿ, ಯಂತ್ರವೂ ಅವುಗಳೊಡನೆ ತೂಗಾಡುತ್ತಿತ್ತು. ಹೀಗೇಕೆ ಆಗುತ್ತದೆಂಬುದನ್ನು ಸ್ಕಾಟ್ಲೆಂಡಿನವನೇ ಆದ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ೧೮೬೮ರಲ್ಲಿ ಗಣಿತದಿಂದ ವಿವರಿಸಿದನು. ಸ್ವಯಂನಿಯಂತ್ರಣವೆಂಬ ಶಾಸ್ತ್ರಕ್ಕೆ ಅದು ತಳಹದಿಗಳಲ್ಲೊಂದಾಯಿತು.

ಕವಾಟಗಳು ಸರಿಯಾದ ಕ್ಷಣದಲ್ಲಿ ತೆರೆಯುತ್ತಿವೆಯೇ ಎಂಬುದನ್ನು ತಿಳಿಯಲು ವಾಟನು ಇನ್ನೊಂದು ಸಾಧನವನ್ನೂ ಬಳಕೆಗೆ ತಂದನು. ಸಿಲಿಂಡರಿಗೆ ಹೊಂದಿಸಿದ ಒಂದು ಪುಟ್ಟ ಸಿಲಿಂಡರಿನಲ್ಲಿ ಸುರುಳಿ ಸ್ಪ್ರಿಂಗಿನ ಎದುರು ಚಲಿಸುವ ಪಿಸ್ಟನ್ ಇದ್ದು, ಒಳಗಿನ ಒತ್ತಡವನ್ನು ಅದು ಮುಳ್ಳಿನಿಂದ ತೋರಿಸುತ್ತಿತ್ತು. ೧೭೯೬ರಲ್ಲಿ ಆತನ ಸಹಾಯಕ ಜಾನ್ ಸದರ್ನನು ಮುಳ್ಳಿನ ಸ್ಥಾನದಲ್ಲಿ ಪೆನ್ಸಿಲನ್ನು ಇಟ್ಟು, ಪಿಸ್ಟನ್ನಿನೊಡನೆ ಸರಿಯುವ ಹಲಗೆಯ ಮೇಲೆ ಕಾಗದವನ್ನು ಹಚ್ಚಿದನು. ಯಂತ್ರವು ತನ್ನ ಒಂದೊಂದು ಆಟದ ಚಿತ್ರವನ್ನು ತಾನೇ ಬರೆಯತೊಡಗಿತು. ಕವಾಟವು ತಡವಾಗಿ ತೆರೆದರೆ ಗೆರೆಯು ಒಂದು ಬಗೆಯಾಗಿ ಬಾಗುತ್ತಿತ್ತು. ಬೇಗ ಮುಚ್ಚಿದರೆ ಮತ್ತೊಂದು ಬಗೆಯಾಗಿ. ವೈದ್ಯನು ನಾಡಿ ಹಿಡಿದು ರೋಗವನ್ನರಿಯುವಂತೆ ಯಂತ್ರಜ್ಞನು ಆ ಗೆರೆಯನ್ನು ನೋಡಿ ಯಂತ್ರದ ಒಳಗನ್ನು ಅರಿಯುವಂತಾಯಿತು. ಬಹುಕಾಲ ಈ ಸಾಧನವನ್ನು ಸಂಸ್ಥೆಯವರು ಗುಟ್ಟಾಗಿಯೇ ಇಟ್ಟಿದ್ದರು.

ಮಹಾಪುರುಷರಲ್ಲಿಯೂ ಮಿತಿಗಳಿರುವುದು ಸಹಜ. ಹಕ್ಕನ್ನು ಕಾಪಾಡಿಕೊಳ್ಳುವ ಭರದಲ್ಲಿ ವಾಟನೂ ಬೋಲ್ಟನನೂ ಇತರ ಯಂತ್ರನಿರ್ಮಾಪಕರ ಮೇಲೆ ಹಲವು ವ್ಯಾಜ್ಯಗಳನ್ನು ಹೂಡಿದರು. ಜೊನಾಥನ್ ಹಾರ್ನ್‌ಬ್ಲೋವರನ ಎರಡು ಸಿಲಿಂಡರುಗಳ ಯಂತ್ರವು ಇದರಿಂದ ಬೆಳೆಯದೆ ಉಳಿಯಿತು. ಹೆಚ್ಚಿನ ಒತ್ತಡದ ಉಗಿಯನ್ನು ಬಳಸುವುದನ್ನು ವಾಟನು ಅಪಾಯವೆಂದು ಎಣಿಸಿ ವಿರೋಧಿಸಿದನು. ದುರ್ಬಲವಾದ ಬಾಯ್ಲರುಗಳ ಆ ಕಾಲದಲ್ಲಿ ಆ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಆದರೆ ೧೮೦೦ರಲ್ಲಿ ಪೇಟೆಂಟು ಮುಗಿದ ತರುವಾಯ ರಿಚರ್ಡ್ ಟ್ರೆವಿಥಿಕ್ ಮೊದಲಾದವರು ಅದೇ ದಾರಿಯನ್ನು ಹಿಡಿದರು. ರೈಲ್ವೆ ಯಂತ್ರವು ಹುಟ್ಟಿದುದು ಆ ದಾರಿಯಲ್ಲಿಯೇ.

ವಾಟನು ೧೮೦೦ರಲ್ಲಿ ವ್ಯವಹಾರದಿಂದ ನಿವೃತ್ತನಾದನು. ೧೭೮೫ರಷ್ಟು ಹಿಂದೆಯೇ ರಾಯಲ್ ಸೊಸೈಟಿಯು ಆತನನ್ನು ತನ್ನ ಸದಸ್ಯನನ್ನಾಗಿ ಆರಿಸಿ ಗೌರವಿಸಿತ್ತು. ಸಂಪತ್ತೂ ಕೀರ್ತಿಯೂ ಬಂದಿದ್ದವು. ಆದರೆ ಮಗಳು ಜೆಸ್ಸಿಯು ೧೭೯೪ರಲ್ಲಿಯೂ ಮಗ ಗ್ರೆಗರಿಯು ೧೮೦೪ರಲ್ಲಿಯೂ ತೀರಿಕೊಂಡು ಮನೆಯು ಬರಿದಾಯಿತು. ಹೀತ್‌ಫೀಲ್ಡ್ ಎಂಬ ತನ್ನ ಮನೆಯ ಅಟ್ಟದಲ್ಲಿ ಚಿಕ್ಕ ಕಮ್ಮಟವನ್ನು ಮಾಡಿಕೊಂಡು, ಶಿಲ್ಪಗಳ ಪ್ರತಿಗಳನ್ನು ಕೆತ್ತುವ ಯಂತ್ರವನ್ನು ನಿರ್ಮಿಸುವುದರಲ್ಲಿ ಆತನು ದುಃಖವನ್ನು ಮರೆಯುತ್ತಿದ್ದನು. ಬಾಲ್ಯದಲ್ಲಿ ತಂದೆಯ ಕಮ್ಮಟದ ಮೂಲೆಯಲ್ಲಿ ಆರಂಭವಾದ ಕೈಗೆಲಸವು ಎಂಬತ್ತು ದಾಟಿದ ಮೇಲೂ ನಿಲ್ಲಲಿಲ್ಲ. ೧೮೧೯ನೆಯ ಇಸವಿ ಆಗಸ್ಟ್ ೨೫ರಂದು, ತನ್ನ ಎಂಬತ್ತಮೂರನೆಯ ವಯಸ್ಸಿನಲ್ಲಿ ವಾಟನು ನಿಧನನಾದನು. ಆ ಅಟ್ಟದ ಕಮ್ಮಟವನ್ನು ಇದ್ದುದು ಇದ್ದಂತೆಯೇ ೧೯೨೪ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು.

ಯಂತ್ರದ ಬಲವನ್ನು ಗಿರಣಿಯ ಕುದುರೆಯ ಬಲಕ್ಕೆ ಹೋಲಿಸಿ ಅಳೆಯುವ ಕ್ರಮವನ್ನು ನೆಲೆಗೊಳಿಸಿದವನು ವಾಟನೇ. ಒಂದು ನಿಮಿಷದಲ್ಲಿ ೩೩,೦೦೦ ಪೌಂಡು ತೂಕವನ್ನು ಒಂದು ಅಡಿ ಎತ್ತುವ ಸಾಮರ್ಥ್ಯವನ್ನು ಆತನು ಒಂದು ಅಶ್ವಶಕ್ತಿಯೆಂದು ಗೊತ್ತುಮಾಡಿದನು. ೧೮೮೨ರಲ್ಲಿ ವಿಲಿಯಂ ಸೀಮನ್ಸನ ಸಲಹೆಯಂತೆ ವಿದ್ಯುತ್ತಿನ ಸಾಮರ್ಥ್ಯದ ಏಕಮಾನಕ್ಕೆ ವಾಟನ ಹೆಸರನ್ನೇ ಇಟ್ಟರು. ಒಂದು ಅಶ್ವಶಕ್ತಿಗೆ ಸುಮಾರು ೭೪೬ ವಾಟುಗಳು. ನಮ್ಮ ಮನೆಗಳ ವಿದ್ಯುದ್ದೀಪಗಳ ಮೇಲೆ ಅಚ್ಚಾಗಿರುವ ಆ ಪುಟ್ಟ ಪದವು ಈ ಮಹಾನುಭಾವನ ಸ್ಮಾರಕವೇ ಆಗಿದೆ.

ವಾಟನ ಗುಂಡುಗಳು ಈಗ ವಸ್ತುಸಂಗ್ರಹಾಲಯಗಳಲ್ಲಿ ವಿಶ್ರಮಿಸುತ್ತಿವೆ. ಆದರೆ ಅವುಗಳ ತತ್ತ್ವವು ವಿಶ್ರಮಿಸಿಲ್ಲ. ಶರಾವತಿಯಂಥ ಜಲವಿದ್ಯುತ್ ಯೋಜನೆಗಳಲ್ಲಿ, ನಾಡಿನ ದೀಪಗಳು ಹತ್ತಿ ಆರಿದಂತೆ ಬದಲಾಗುವ ಭಾರಕ್ಕೆ ತಕ್ಕ ಹಾಗೆ ನೀರಿನ ಬಾಗಿಲುಗಳನ್ನು ತೆರೆದು ಮುಚ್ಚಿ ಚಕ್ರಗಳ ವೇಗವನ್ನು ಕಾಯುವುದು ಗವರ್ನರುಗಳೇ. ಕವಾಟದ ಸ್ಥಿತಿಯನ್ನು ಸರಿಯಾಗಿ ತಿಳಿಯದಿದ್ದರೆ ಆಗುವ ಅನರ್ಥವನ್ನೂ ಲೋಕವು ಕಂಡಿದೆ. ೧೯೭೯ನೆಯ ಇಸವಿ ಮಾರ್ಚ್ ೨೮ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಕೇಂದ್ರದಲ್ಲಿ ಒಂದು ಕವಾಟವು ತೆರೆದುಕೊಂಡು, ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತು. ಮುಚ್ಚಿಕೊಳ್ಳುವ ಆಜ್ಞೆಯು ಕವಾಟಕ್ಕೆ ಹೋಗಿದೆಯೆಂಬುದನ್ನು ಮಾತ್ರ ಫಲಕದ ದೀಪವು ಸೂಚಿಸುತ್ತಿತ್ತು. ಕವಾಟವು ನಿಜವಾಗಿ ಮುಚ್ಚಿದೆಯೇ ಎಂಬುದನ್ನು ಸೂಚಿಸುತ್ತಿರಲಿಲ್ಲ. ದೀಪವನ್ನು ನಂಬಿದ ಕೆಲಸಗಾರರು ಕವಾಟವು ಮುಚ್ಚಿದೆಯೆಂದೇ ಭಾವಿಸಿದರು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಸೋರಿಹೋಗಿ, ಸ್ಥಾವರದ ಒಡಲಿನ ಒಂದು ಭಾಗವೇ ಕರಗಿತು. ಗುಂಡು ಮತ್ತು ಸನ್ನೆಗಳ ನೇರ ಸಂಬಂಧದಲ್ಲಿದ್ದ ಸತ್ಯವು ಆ ದೀಪದಲ್ಲಿರಲಿಲ್ಲ.

ಶಕ್ತಿಯನ್ನು ಹುಟ್ಟಿಸುವುದು ದೊಡ್ಡ ಕೆಲಸ. ಹುಟ್ಟಿದ ಶಕ್ತಿಗೆ ಹದವನ್ನು ಕಲಿಸುವುದು ಅದಕ್ಕಿಂತಲೂ ದೊಡ್ಡ ಕೆಲಸ. ನಿಯಂತ್ರಣವಿಲ್ಲದ ಉಗಿಯು ಬಾಯ್ಲರನ್ನು ಸಿಡಿಸುವುದು. ಹದವರಿತ ಉಗಿಯು ಗಿರಣಿಯನ್ನು ನಡೆಸುವುದು. ರೋಗಪೀಡಿತವಾದ ದೇಹ, ಬೆನ್ನು ಬಿಡದ ಬಡತನ, ಹಿಂಜರಿಯುವ ಮನಸ್ಸು ಇವುಗಳನ್ನು ಹೊತ್ತುಕೊಂಡೇ ಜೇಮ್ಸ್ ವಾಟನು ತಾಳ್ಮೆಯಿಂದ ಅಳೆದನು, ಅಳೆದುದನ್ನು ನಂಬಿದನು, ನಂಬಿದುದನ್ನು ಕಬ್ಬಿಣದಲ್ಲಿ ಮೂಡಿಸಿದನು. ಒಳಗಿರುವುದನ್ನು ಇದ್ದ ಹಾಗೆಯೇ ಹೊರಗೆ ತೋರಿಸುವ ಪ್ರಾಮಾಣಿಕತೆಯೂ, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಎಚ್ಚರವೂ ಯಂತ್ರಕ್ಕೆ ಹೇಗೋ ಹಾಗೆ ಮನುಷ್ಯನಿಗೂ ಭೂಷಣವಾಗಿವೆ.